ಬಿಲ್ಲಿ ಮೆಕ್‌ನೀಲ್

ಬಿಲ್ಲಿ ಮೆಕ್‌ನೀಲ್ (ಪೂರ್ಣ ಹೆಸರು ವಿಲಿಯಂ ಮೆಕ್‌ನೀಲ್, ಜನನ: 2 ಮಾರ್ಚ್ 1940 – ಮರಣ: 22 ಏಪ್ರಿಲ್ 2019) ಸ್ಕಾಟ್ಲೆಂಡಿನ ಪ್ರಸಿದ್ಧ ಫುಟ್‌ಬಾಲ್ ಆಟಗಾರರು ಮತ್ತು ತಂಡದ ಮ್ಯಾನೇಜರ್ ಆಗಿದ್ದರು. ಗ್ಲಾಸ್ಗೋ ನಗರದ ಸೆಲ್ಟಿಕ್ ಕ್ಲಬ್ಬಿನ ರಕ್ಷಣಾ ಆಟಗಾರರಾಗಿ 1957ರಿಂದ 1975ರವರೆಗೆ ಸೇವೆ ಸಲ್ಲಿಸಿದ ಅವರು ಬೇರೆ ಯಾವ ಹಿರಿಯ ಕ್ಲಬ್ಬಿನ ಪರವಾಗಿಯೂ ಆಡಲಿಲ್ಲ. 1967ರಲ್ಲಿ ಸೆಲ್ಟಿಕ್ ತಂಡವು ಯುರೋಪಿಯನ್ ಕಪ್ ಗೆದ್ದಾಗ ಅವರೇ ನಾಯಕರಾಗಿದ್ದರು. ಆ ಕಪ್ಪನ್ನು ಎತ್ತಿ ಹಿಡಿದ ಮೊದಲ ಬ್ರಿಟಿಷ್ ನಾಯಕರೆಂಬ ಹೆಗ್ಗಳಿಕೆ ಅವರದು. ನಿವೃತ್ತಿಯ ನಂತರ ಅವರು ಕ್ಲೈಡ್, ಅಬರ್ಡೀನ್, ಸೆಲ್ಟಿಕ್, ಮ್ಯಾಂಚೆಸ್ಟರ್ ಸಿಟಿ ಮತ್ತು ಆಸ್ಟನ್ ವಿಲಾ ತಂಡಗಳ ಮ್ಯಾನೇಜರ್ ಆಗಿ ದುಡಿದರು. ಬದುಕಿನ ಕೊನೆಯ ವರ್ಷಗಳಲ್ಲಿ ಅವರು ಮರೆವಿನ ರೋಗಕ್ಕೆ ತುತ್ತಾದರು. ಚೆಂಡನ್ನು ತಲೆಯಿಂದ ಹೊಡೆಯುವ ಆಟಕ್ಕೂ ಮಿದುಳಿನ ಕಾಯಿಲೆಗೂ ಇರುವ ಸಂಬಂಧದ ಚರ್ಚೆಯಲ್ಲಿ ಅವರ ಹೆಸರು ಪದೇ ಪದೇ ಪ್ರಸ್ತಾಪವಾಗುತ್ತದೆ.

ಬಾಲ್ಯ ಮತ್ತು ಹಿನ್ನೆಲೆ

ಮೆಕ್‌ನೀಲ್ ಅವರು ಲ್ಯಾನರ್ಕ್‌ಶೈರ್ ಪ್ರಾಂತ್ಯದ ಬೆಲ್ಸ್‌ಹಿಲ್ ಎಂಬ ಪಟ್ಟಣದಲ್ಲಿ ಜನಿಸಿದರು. ಗ್ಲಾಸ್ಗೋ ನಗರದ ಆಗ್ನೇಯಕ್ಕಿರುವ ಈ ಪ್ರದೇಶವು ಕಲ್ಲಿದ್ದಲ ಗಣಿಗಳಿಗೂ ಉಕ್ಕಿನ ಕಾರ್ಖಾನೆಗಳಿಗೂ ಹೆಸರಾಗಿತ್ತು. ಮ್ಯಾಂಚೆಸ್ಟರ್ ಯುನೈಟೆಡ್ ತಂಡವನ್ನು ಕಟ್ಟಿ ಬೆಳೆಸಿದ ಸರ್ ಮ್ಯಾಟ್ ಬಸ್ಬಿ ಅವರ ಹುಟ್ಟೂರೂ ಇದೇ ಆಗಿದೆ. ಮೆಕ್‌ನೀಲ್ ಅವರ ತಂದೆ ಸೈನ್ಯದಲ್ಲಿದ್ದರು. ತಾಯಿ ಲಿಥುವೇನಿಯಾ ಮೂಲದವರು. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಿಂದ ಲಿಥುವೇನಿಯಾದ ಅನೇಕ ಕುಟುಂಬಗಳು ಗಣಿಗಳ ಕೂಲಿಯನ್ನು ಅರಸಿ ಲ್ಯಾನರ್ಕ್‌ಶೈರ್‌ಗೆ ವಲಸೆ ಬಂದು ನೆಲೆಸಿದ್ದವು.

ಮದರ್‌ವೆಲ್ ಪಟ್ಟಣದ ಅವರ್ ಲೇಡೀಸ್ ಪ್ರೌಢಶಾಲೆಯಲ್ಲಿ ಅವರ ವಿದ್ಯಾಭ್ಯಾಸ ನಡೆಯಿತು. ಆಗ ಸೆಲ್ಟಿಕ್ ಕ್ಲಬ್ಬಿನ ಮೀಸಲು ತಂಡದ ತರಬೇತುದಾರರಾಗಿದ್ದ ಜಾಕ್ ಸ್ಟೀನ್ ಅವರು ಈ ಎತ್ತರದ ಹುಡುಗನ ಆಟವನ್ನು ಗುರುತಿಸಿದರು. ಬ್ಲಾಂಟೈರ್ ವಿಕ್ಟೋರಿಯಾ ಎಂಬ ಕಿರಿಯರ ಕ್ಲಬ್ಬಿನಿಂದ ಮೆಕ್‌ನೀಲ್ 1957ರಲ್ಲಿ ಸೆಲ್ಟಿಕ್ ಸೇರಿದರು. ಸ್ಟೀನ್ ಮತ್ತು ಮೆಕ್‌ನೀಲ್ ಅವರ ಈ ಗುರು-ಶಿಷ್ಯ ಸಂಬಂಧವು ಮುಂದೆ ಕ್ಲಬ್ಬಿನ ಇತಿಹಾಸವನ್ನೇ ಬದಲಿಸಿತು.

ಆಟಗಾರನಾಗಿ ಆರಂಭದ ವರ್ಷಗಳು

ಮೆಕ್‌ನೀಲ್ ಅವರು 23 ಆಗಸ್ಟ್ 1958ರಂದು ಕ್ಲೈಡ್ ವಿರುದ್ಧ ನಡೆದ ಲೀಗ್ ಕಪ್ ಪಂದ್ಯದಲ್ಲಿ ಮೊದಲ ಬಾರಿಗೆ ಸೆಲ್ಟಿಕ್ ಹಿರಿಯರ ತಂಡದಲ್ಲಿ ಆಡಿದರು. ಅವರು ಆಡುತ್ತಿದ್ದುದು 'ಸೆಂಟರ್ ಹಾಫ್' ಸ್ಥಾನದಲ್ಲಿ, ಅಂದರೆ ರಕ್ಷಣಾ ಸಾಲಿನ ನಟ್ಟನಡುವೆ. ಎದುರಾಳಿಗಳು ಎತ್ತರದಲ್ಲಿ ಹಾರಿಸಿದ ಚೆಂಡನ್ನು ನೆಗೆದು ತಲೆಯಿಂದ ಹೊಡೆದು ಹಿಂದಟ್ಟುವುದು ಆ ಸ್ಥಾನದ ಮುಖ್ಯ ಕರ್ತವ್ಯವಾಗಿತ್ತು. ತಮ್ಮ ತಂಡಕ್ಕೆ ಕಾರ್ನರ್ ಕಿಕ್ ದೊರೆತಾಗ ಅವರು ಎದುರಾಳಿಯ ಗೋಲಿನ ಮುಂದೆ ಹೋಗಿ ನಿಲ್ಲುತ್ತಿದ್ದರು. ಅವರ ಹೆಸರನ್ನು ಚಿರಸ್ಥಾಯಿಯಾಗಿಸಿದ ಗೋಲುಗಳು ಬಹುಮಟ್ಟಿಗೆ ಹೀಗೆ ತಲೆಯಿಂದಲೇ ಬಂದವು.

ಮೊದಲ ಏಳು ವರ್ಷಗಳಲ್ಲಿ ಅವರಿಗೆ ಯಾವ ಪ್ರಮುಖ ಪ್ರಶಸ್ತಿಯೂ ಒದಗಲಿಲ್ಲ. 1960ರಲ್ಲಿ ಸ್ಟೀನ್ ಅವರು ಡನ್‌ಫರ್ಮ್‌ಲಿನ್ ತಂಡದ ಮ್ಯಾನೇಜರ್ ಆಗಿ ಹೊರಟುಹೋದರು. ಮರುವರ್ಷವೇ ಸ್ಕಾಟಿಷ್ ಕಪ್ ಅಂತಿಮ ಪಂದ್ಯದಲ್ಲಿ ಅದೇ ಡನ್‌ಫರ್ಮ್‌ಲಿನ್ ಸೆಲ್ಟಿಕ್ ತಂಡವನ್ನು ಸೋಲಿಸಿತು. 1965ರ ಮಾರ್ಚ್ ತಿಂಗಳಲ್ಲಿ ಸ್ಟೀನ್ ಸೆಲ್ಟಿಕ್ ಮ್ಯಾನೇಜರ್ ಆಗಿ ಮರಳಿದ ಮೇಲೆ ಪರಿಸ್ಥಿತಿ ಬದಲಾಯಿತು. 24 ಏಪ್ರಿಲ್ 1965ರಂದು ನಡೆದ ಸ್ಕಾಟಿಷ್ ಕಪ್ ಅಂತಿಮ ಪಂದ್ಯದಲ್ಲಿ ಸೆಲ್ಟಿಕ್ 3–2ರಿಂದ ಡನ್‌ಫರ್ಮ್‌ಲಿನ್ ತಂಡವನ್ನು ಮಣಿಸಿತು. ಪಂದ್ಯ ಮುಗಿಯಲು ಕೆಲವೇ ನಿಮಿಷಗಳಿರುವಾಗ ಕಾರ್ನರ್ ಕಿಕ್‌ನಿಂದ ಬಂದ ಚೆಂಡನ್ನು ಮೆಕ್‌ನೀಲ್ ತಲೆಯಿಂದ ಹೊಡೆದು ಗೆಲುವಿನ ಗೋಲು ಗಳಿಸಿದರು. 1957ರ ನಂತರ ಕ್ಲಬ್ಬಿಗೆ ದೊರೆತ ಮೊದಲ ಪ್ರಮುಖ ಪ್ರಶಸ್ತಿ ಇದಾಗಿತ್ತು. ಸ್ಕಾಟ್ಲೆಂಡಿನ ಫುಟ್‌ಬಾಲ್ ಬರಹಗಾರರ ಸಂಘವು ವರ್ಷದ ಆಟಗಾರ ಪ್ರಶಸ್ತಿಯನ್ನು ಆರಂಭಿಸಿದ್ದೂ 1965ರಲ್ಲಿಯೇ. ಅದರ ಮೊದಲ ಪುರಸ್ಕೃತರು ಮೆಕ್‌ನೀಲ್.

ಲಿಸ್ಬನ್, 1967

1966–67ರ ಸಾಲಿನಲ್ಲಿ ಸೆಲ್ಟಿಕ್ ತಾನು ಸ್ಪರ್ಧಿಸಿದ ಎಲ್ಲ ಪ್ರಮುಖ ಪಂದ್ಯಾವಳಿಗಳನ್ನೂ ಗೆದ್ದಿತು. ಲೀಗ್, ಸ್ಕಾಟಿಷ್ ಕಪ್ ಮತ್ತು ಲೀಗ್ ಕಪ್‌ಗಳ ಜೊತೆಗೆ ಯುರೋಪಿನ ಚಾಂಪಿಯನ್ ಕ್ಲಬ್ಬುಗಳ ನಡುವಿನ ಯುರೋಪಿಯನ್ ಕಪ್ ಕೂಡ ಅದರ ಪಾಲಾಯಿತು. ಹಾದಿಯೇನೂ ಸುಗಮವಾಗಿರಲಿಲ್ಲ. ಕ್ವಾರ್ಟರ್ ಫೈನಲ್‌ನಲ್ಲಿ ಯುಗೊಸ್ಲಾವಿಯದ ವೊಯ್ವೊದಿನಾ ತಂಡವು ತನ್ನ ನೆಲದಲ್ಲಿ 1–0ರಿಂದ ಗೆದ್ದಿತ್ತು. ಗ್ಲಾಸ್ಗೋದಲ್ಲಿ ನಡೆದ ಎರಡನೆಯ ಪಂದ್ಯದಲ್ಲಿ ಸ್ಟೀವಿ ಚಾಮರ್ಸ್ ಒಂದು ಗೋಲು ಗಳಿಸಿ ಲೆಕ್ಕವನ್ನು ಸಮಮಾಡಿದರು. ಕೊನೆಯ ಕ್ಷಣಗಳಲ್ಲಿ ಚಾರ್ಲಿ ಗ್ಯಾಲಗರ್ ಹೊಡೆದ ಕಾರ್ನರ್ ಕಿಕ್ಕನ್ನು ಮೆಕ್‌ನೀಲ್ ತಲೆಯಿಂದ ಗೋಲಿಗೆ ಸೇರಿಸಿದರು. ಆ ಒಂದು ಹೊಡೆತದಿಂದ ತಂಡವು ಸೆಮಿಫೈನಲ್ ತಲುಪಿತು.

ಅಂತಿಮ ಪಂದ್ಯವು 25 ಮೇ 1967ರಂದು ಪೋರ್ಚುಗಲ್ ದೇಶದ ಲಿಸ್ಬನ್ ನಗರದ ರಾಷ್ಟ್ರೀಯ ಕ್ರೀಡಾಂಗಣದಲ್ಲಿ ಇಟಲಿಯ ಇಂಟರ್ ಮಿಲಾನ್ ವಿರುದ್ಧ ನಡೆಯಿತು. ಹೆಲೆನಿಯೊ ಹೆರೇರಾ ಅವರ ಮಾರ್ಗದರ್ಶನದಲ್ಲಿದ್ದ ಇಂಟರ್ ತಂಡವು 1964 ಮತ್ತು 1965ರಲ್ಲಿ ಈ ಕಪ್ಪನ್ನು ಗೆದ್ದಿತ್ತು. ಭದ್ರವಾದ ರಕ್ಷಣೆಯೇ ಅದರ ತಂತ್ರವಾಗಿತ್ತು. ಏಳನೆಯ ನಿಮಿಷದಲ್ಲಿ ಮಜ್ಜೋಲ ಪೆನಾಲ್ಟಿಯಿಂದ ಇಂಟರ್‌ಗೆ ಮುನ್ನಡೆ ತಂದರು. ಎಡೆಬಿಡದೆ ದಾಳಿ ನಡೆಸಿದ ಸೆಲ್ಟಿಕ್ ಪರವಾಗಿ ಟಾಮಿ ಗೆಮೆಲ್ ದ್ವಿತೀಯಾರ್ಧದಲ್ಲಿ ಸಮಬಲ ಸಾಧಿಸಿದರು. ಚಾಮರ್ಸ್ 84ನೆಯ ನಿಮಿಷದಲ್ಲಿ ಗೆಲುವಿನ ಗೋಲು ಗಳಿಸಿದರು. ಪಂದ್ಯ ಮುಗಿಯುತ್ತಲೇ ಅಭಿಮಾನಿಗಳು ಮೈದಾನಕ್ಕೆ ನುಗ್ಗಿದ್ದರಿಂದ ಇಡೀ ತಂಡಕ್ಕೆ ವೇದಿಕೆಯವರೆಗೆ ಹೋಗಲು ಸಾಧ್ಯವಾಗಲಿಲ್ಲ. ಮೆಕ್‌ನೀಲ್ ಅವರೊಬ್ಬರೇ ಸಹ ಆಟಗಾರರಿಲ್ಲದೆ ವೇದಿಕೆಯೇರಿ ಕಪ್ಪನ್ನು ಸ್ವೀಕರಿಸಿ ತಲೆಯ ಮೇಲೆತ್ತಿ ಹಿಡಿದರು. ಆ ಛಾಯಾಚಿತ್ರವು ಸ್ಕಾಟ್ಲೆಂಡಿನ ಕ್ರೀಡಾ ಇತಿಹಾಸದ ಅತ್ಯಂತ ಪರಿಚಿತ ಚಿತ್ರಗಳಲ್ಲಿ ಒಂದಾಗಿದೆ.

ಆ ದಿನ ಆಡಿದ ಹನ್ನೊಂದು ಮಂದಿಯೂ ಸೆಲ್ಟಿಕ್ ಮೈದಾನದಿಂದ ಸುಮಾರು 30 ಮೈಲಿಗಳ ಒಳಗೇ ಹುಟ್ಟಿದವರು. 'ಲಿಸ್ಬನ್ ಸಿಂಹಗಳು' ಎಂಬ ಹೆಸರು ಅವರಿಗೆ ಶಾಶ್ವತವಾಗಿ ಉಳಿಯಿತು. ಮೆಕ್‌ನೀಲ್ ಅವರನ್ನು ಗೆಳೆಯರು 'ಸೀಸರ್' ಎಂದು ಕರೆಯುತ್ತಿದ್ದರು. ಇದು ಮೂಲತಃ ಸಿನಿಮಾ ನಟ ಸೀಸರ್ ರೊಮೆರೊ ಅವರ ಹೆಸರಿನಿಂದ ಬಂದ ಅಡ್ಡಹೆಸರು. ಕಾಲಕ್ರಮದಲ್ಲಿ ಅಭಿಮಾನಿಗಳು ಅದಕ್ಕೆ ರೋಮ್ ಚಕ್ರಾಧಿಪತ್ಯದ ಸೀಸರನ ಅರ್ಥವನ್ನೇ ಕೊಟ್ಟರು.

ಮುಂದಿನ ವರ್ಷಗಳು ಮತ್ತು ರಾಷ್ಟ್ರೀಯ ತಂಡ

1966ರಿಂದ 1974ರವರೆಗೆ ಸೆಲ್ಟಿಕ್ ಸತತವಾಗಿ ಒಂಬತ್ತು ಬಾರಿ ಲೀಗ್ ಚಾಂಪಿಯನ್ ಆಯಿತು. 1969ರ ಸ್ಕಾಟಿಷ್ ಕಪ್ ಅಂತಿಮ ಪಂದ್ಯದಲ್ಲಿ ನಗರದ ಪ್ರತಿಸ್ಪರ್ಧಿ ರೇಂಜರ್ಸ್ ವಿರುದ್ಧ ಮೆಕ್‌ನೀಲ್ ಆರಂಭದಲ್ಲೇ ತಲೆಯಿಂದ ಗೋಲು ಗಳಿಸಿದರು. ತಂಡವು 4–0ರಿಂದ ಗೆದ್ದಿತು. 1970ರಲ್ಲಿ ಮಿಲಾನ್ ನಗರದಲ್ಲಿ ನಡೆದ ಯುರೋಪಿಯನ್ ಕಪ್ ಅಂತಿಮ ಪಂದ್ಯದಲ್ಲಿ ಮಾತ್ರ ಹಾಲೆಂಡಿನ ಫೆಯನೂರ್ಡ್ ತಂಡವು ಹೆಚ್ಚುವರಿ ಅವಧಿಯಲ್ಲಿ 2–1ರಿಂದ ಸೆಲ್ಟಿಕ್ ತಂಡವನ್ನು ಸೋಲಿಸಿತು.

ಸ್ಕಾಟ್ಲೆಂಡ್ ರಾಷ್ಟ್ರೀಯ ತಂಡದ ಪರವಾಗಿ ಅವರು 1961ರಿಂದ 1972ರ ಅವಧಿಯಲ್ಲಿ 29 ಪಂದ್ಯಗಳನ್ನಾಡಿ 3 ಗೋಲುಗಳನ್ನು ಗಳಿಸಿದರು. ಅವರ ಮೊದಲ ಅಂತರರಾಷ್ಟ್ರೀಯ ಪಂದ್ಯ ಕಹಿಯಾಗಿತ್ತು. ವೆಂಬ್ಲಿ ಮೈದಾನದಲ್ಲಿ ಇಂಗ್ಲೆಂಡ್ ಅಂದು 9–3ರಿಂದ ಗೆದ್ದಿತು.

3 ಮೇ 1975ರಂದು ಏರ್ಡ್ರಿ ವಿರುದ್ಧ ಸ್ಕಾಟಿಷ್ ಕಪ್ ಗೆದ್ದ ದಿನವೇ ಅವರು 35ನೆಯ ವಯಸ್ಸಿನಲ್ಲಿ ಆಟಕ್ಕೆ ವಿದಾಯ ಹೇಳಿದರು. ಸೆಲ್ಟಿಕ್ ಪರವಾಗಿ ಅವರು ಆಡಿದ 790 ಸ್ಪರ್ಧಾತ್ಮಕ ಪಂದ್ಯಗಳು ಕ್ಲಬ್ಬಿನ ದಾಖಲೆಯಾಗಿವೆ. ಇವುಗಳಲ್ಲಿ ಒಮ್ಮೆಯೂ ಅವರನ್ನು ಮಧ್ಯದಲ್ಲಿ ಹಿಂದಕ್ಕೆ ಕರೆಸಿ ಬದಲಿ ಆಟಗಾರನನ್ನು ಇಳಿಸಲಿಲ್ಲ.

ಮ್ಯಾನೇಜರ್ ಆಗಿ

ಬ್ರಿಟನ್ನಿನ ಫುಟ್‌ಬಾಲ್‌ನಲ್ಲಿ ಆ ಕಾಲದ ಮ್ಯಾನೇಜರ್ ಹುದ್ದೆಯು ತರಬೇತಿಗೆ ಸೀಮಿತವಾಗಿರಲಿಲ್ಲ. ತಂಡದ ಆಯ್ಕೆ, ಆಟಗಾರರ ಖರೀದಿ ಮತ್ತು ಮಾರಾಟದ ಹೊಣೆಯೂ ಅದಕ್ಕೆ ಸೇರಿತ್ತು. ಮೆಕ್‌ನೀಲ್ 1977ರಲ್ಲಿ ಕೆಲವೇ ವಾರಗಳ ಕಾಲ ಕ್ಲೈಡ್ ತಂಡವನ್ನು ನೋಡಿಕೊಂಡು, ಬಳಿಕ ಅಬರ್ಡೀನ್ ಸೇರಿದರು. 1977–78ರಲ್ಲಿ ಅಬರ್ಡೀನ್ ಲೀಗ್‌ನಲ್ಲಿ ಎರಡೇ ಅಂಕಗಳ ಅಂತರದಿಂದ ಎರಡನೆಯ ಸ್ಥಾನ ಪಡೆಯಿತು ಮತ್ತು ಸ್ಕಾಟಿಷ್ ಕಪ್ ಅಂತಿಮ ಪಂದ್ಯವನ್ನೂ ತಲುಪಿತು. ಎರಡರಲ್ಲಿಯೂ ಗೆದ್ದದ್ದು ರೇಂಜರ್ಸ್. ಗಾರ್ಡನ್ ಸ್ಟ್ರಾಕನ್ ಮತ್ತು ಸ್ಟೀವ್ ಆರ್ಚಿಬಾಲ್ಡ್ ಅವರನ್ನು ಅಬರ್ಡೀನ್‌ಗೆ ತಂದವರು ಮೆಕ್‌ನೀಲ್. ಅವರ ನಂತರ ಬಂದ ಅಲೆಕ್ಸ್ ಫರ್ಗ್ಯುಸನ್ ಅದೇ ಅಡಿಪಾಯದ ಮೇಲೆ ಯಶಸ್ವಿ ತಂಡವನ್ನು ಕಟ್ಟಿದರು.

1978ರಲ್ಲಿ ಸ್ಟೀನ್ ಅವರ ಉತ್ತರಾಧಿಕಾರಿಯಾಗಿ ಮೆಕ್‌ನೀಲ್ ಸೆಲ್ಟಿಕ್‌ಗೆ ಮರಳಿದರು. 21 ಮೇ 1979ರಂದು ರೇಂಜರ್ಸ್ ವಿರುದ್ಧದ ಪಂದ್ಯವನ್ನು ಗೆದ್ದರೆ ಮಾತ್ರ ಲೀಗ್ ಸೆಲ್ಟಿಕ್ ಪಾಲಾಗುವಂತಿತ್ತು. ಜಾನಿ ಡಾಯ್ಲ್ ಅವರನ್ನು ತೀರ್ಪುಗಾರರು ಹೊರಗೆ ಕಳುಹಿಸಿದಾಗ ತಂಡವು ಒಂದು ಗೋಲಿನಿಂದ ಹಿಂದಿತ್ತು. ಉಳಿದ ಹತ್ತು ಮಂದಿಯೇ ಹೋರಾಡಿ 4–2ರಿಂದ ಪಂದ್ಯವನ್ನು ಗೆದ್ದುಕೊಟ್ಟರು. ಬಳಿಕ 1980ರಲ್ಲಿ ಸ್ಕಾಟಿಷ್ ಕಪ್, 1981 ಮತ್ತು 1982ರಲ್ಲಿ ಲೀಗ್, 1982ರ ಡಿಸೆಂಬರ್‌ನಲ್ಲಿ ಲೀಗ್ ಕಪ್ ದೊರೆತವು. 1982ರ ಯುರೋಪಿಯನ್ ಕಪ್ ಪಂದ್ಯದಲ್ಲಿ ಯೋಹಾನ್ ಕ್ರಾಯಿಫ್ ಅವರಿದ್ದ ಅಯಾಕ್ಸ್ ತಂಡವನ್ನು ಆಮ್‌ಸ್ಟರ್ಡಾಮ್ ನಗರದಲ್ಲಿಯೇ ಸೋಲಿಸಿದ್ದು ಈ ಅವಧಿಯ ಮತ್ತೊಂದು ಸಾಧನೆ.

ಇಷ್ಟಾದರೂ ವೇತನ ಮತ್ತು ಸೇವಾ ಒಪ್ಪಂದದ ವಿಷಯದಲ್ಲಿ ಆಡಳಿತ ಮಂಡಳಿಯೊಡನೆ ಉಂಟಾದ ಭಿನ್ನಾಭಿಪ್ರಾಯದಿಂದ ಅವರು 1983ರಲ್ಲಿ ಕ್ಲಬ್ ತೊರೆದರು. ಅದೇ ಬೇಸಿಗೆಯಲ್ಲಿ ಯುವ ಮುನ್ಪಡೆ ಆಟಗಾರ ಚಾರ್ಲಿ ನಿಕೋಲಸ್ ಅವರನ್ನೂ ಕ್ಲಬ್ಬು ಆರ್ಸೆನಲ್‌ಗೆ ಮಾರಿತು.

ಇಂಗ್ಲೆಂಡಿನಲ್ಲಿ ಅವರ ಅನುಭವ ಮಿಶ್ರವಾಗಿತ್ತು. ಎರಡನೆಯ ದರ್ಜೆಗೆ ಇಳಿದಿದ್ದ ಮ್ಯಾಂಚೆಸ್ಟರ್ ಸಿಟಿಯನ್ನು ಅವರು 1985ರಲ್ಲಿ ಮತ್ತೆ ಮೊದಲ ದರ್ಜೆಗೆ ಏರಿಸಿದರು. 1986ರ ಸೆಪ್ಟೆಂಬರ್‌ನಲ್ಲಿ ಅವರು ಆಸ್ಟನ್ ವಿಲಾ ಸೇರಿದರು. ಆ ಸಾಲಿನ ಕೊನೆಗೆ ಅವರು ಬಿಟ್ಟುಬಂದ ಸಿಟಿ ಮತ್ತು ಸೇರಿದ ವಿಲಾ ಎರಡೂ ಕೆಳ ದರ್ಜೆಗೆ ಇಳಿದವು. ವಿಲಾ ಅವರನ್ನು ಹುದ್ದೆಯಿಂದ ತೆಗೆಯಿತು.

1987ರಲ್ಲಿ ಸೆಲ್ಟಿಕ್ ಅವರನ್ನು ಮರಳಿ ಕರೆಯಿತು. 1987–88 ಕ್ಲಬ್ಬಿನ ಶತಮಾನೋತ್ಸವದ ವರ್ಷವಾಗಿತ್ತು. ಗ್ರೇಮ್ ಸೂನೆಸ್ ಅವರ ನೇತೃತ್ವದಲ್ಲಿ ರೇಂಜರ್ಸ್ ಆಗ ಅಪಾರ ಹಣ ವ್ಯಯಿಸಿ ಇಂಗ್ಲೆಂಡಿನ ಆಟಗಾರರನ್ನು ಕೊಳ್ಳುತ್ತಿತ್ತು. ಮೆಕ್‌ನೀಲ್ ಅವರು ಆಂಡಿ ವಾಕರ್, ಬಿಲ್ಲಿ ಸ್ಟಾರ್ಕ್, ಜೋ ಮಿಲ್ಲರ್ ಮತ್ತು ಫ್ರ್ಯಾಂಕ್ ಮೆಕಾವೆನಿ ಅವರನ್ನು ಸೇರಿಸಿಕೊಂಡು ತಂಡವನ್ನು ಹೊಸದಾಗಿ ರೂಪಿಸಿದರು. ಲೀಗ್ 10 ಅಂಕಗಳ ಅಂತರದಿಂದ ದೊರೆಯಿತು. ಸ್ಕಾಟಿಷ್ ಕಪ್ ಅಂತಿಮ ಪಂದ್ಯದಲ್ಲಿ ಡಂಡೀ ಯುನೈಟೆಡ್ ಮೊದಲು ಗೋಲು ಗಳಿಸಿದರೂ ಮೆಕಾವೆನಿಯ ಎರಡು ಗೋಲುಗಳಿಂದ ಸೆಲ್ಟಿಕ್ 2–1ರಿಂದ ಗೆದ್ದು ಜೋಡಿ ಪ್ರಶಸ್ತಿಯನ್ನು ಪೂರ್ಣಗೊಳಿಸಿತು.

1989ರಲ್ಲಿ ರೇಂಜರ್ಸ್ ವಿರುದ್ಧ 1–0ರಿಂದ ಗೆದ್ದ ಸ್ಕಾಟಿಷ್ ಕಪ್ ಅವರ ಕೊನೆಯ ಪ್ರಶಸ್ತಿಯಾಯಿತು. ಅದೇ ಬೇಸಿಗೆಯಲ್ಲಿ ಸೆಲ್ಟಿಕ್‌ಗೆ ಮರಳುವುದಾಗಿ ಪತ್ರಕರ್ತರ ಮುಂದೆ ಹಾಜರಾಗಿದ್ದ ಮೊ ಜಾನ್‌ಸ್ಟನ್ ಕೆಲವೇ ವಾರಗಳಲ್ಲಿ ರೇಂಜರ್ಸ್ ಸೇರಿದರು. ಮುಂದಿನ ಸಾಲಿನಲ್ಲಿ ಸೆಲ್ಟಿಕ್ ಲೀಗ್‌ನಲ್ಲಿ ಐದನೆಯ ಸ್ಥಾನಕ್ಕೆ ಕುಸಿಯಿತು. 1990ರ ಸ್ಕಾಟಿಷ್ ಕಪ್ ಅಂತಿಮ ಪಂದ್ಯವನ್ನು ಅಬರ್ಡೀನ್‌ಗೆ ಪೆನಾಲ್ಟಿಗಳಲ್ಲಿ ಸೋತಿತು. 1991ರ ಮೇ ತಿಂಗಳಲ್ಲಿ ಆಡಳಿತ ಮಂಡಳಿಯು ಮೆಕ್‌ನೀಲ್ ಅವರನ್ನು ಹುದ್ದೆಯಿಂದ ತೆಗೆದುಹಾಕಿತು.

ಅನಾರೋಗ್ಯ ಮತ್ತು ಮರಣ

ಮೆಕ್‌ನೀಲ್ ಅವರು ಮರೆವಿನ ರೋಗದಿಂದ ಬಳಲುತ್ತಿದ್ದಾರೆಂದೂ ಅವರ ಮಾತು ಬಹುತೇಕ ನಿಂತುಹೋಗಿದೆಯೆಂದೂ 2017ರಲ್ಲಿ ಅವರ ಕುಟುಂಬ ಬಹಿರಂಗಪಡಿಸಿತು. ಕಾಯಿಲೆಯ ಕಾರಣಗಳ ಬಗ್ಗೆ ಸಂಶೋಧನೆ ನಡೆಯಬೇಕೆಂಬ ಆಶಯದಿಂದಲೇ ಕುಟುಂಬವು ಈ ವಿಷಯವನ್ನು ಸಾರ್ವಜನಿಕರ ಮುಂದಿಟ್ಟಿತು. 22 ಏಪ್ರಿಲ್ 2019ರಂದು 79ನೆಯ ವಯಸ್ಸಿನಲ್ಲಿ ಅವರು ನಿಧನರಾದರು. ಅದಾದ ಒಂದು ವಾರಕ್ಕೆ, 29 ಏಪ್ರಿಲ್ ರಂದು, ಲಿಸ್ಬನ್‌ನಲ್ಲಿ ಗೆಲುವಿನ ಗೋಲು ಗಳಿಸಿದ್ದ ಚಾಮರ್ಸ್ ಕೂಡ ತೀರಿಕೊಂಡರು. ಅವರನ್ನೂ ಇದೇ ಬಗೆಯ ರೋಗ ಕಾಡಿತ್ತು.

ಅದೇ ವರ್ಷ ಅಕ್ಟೋಬರ್‌ನಲ್ಲಿ ಗ್ಲಾಸ್ಗೋ ವಿಶ್ವವಿದ್ಯಾಲಯದ ಡಾ. ವಿಲ್ಲಿ ಸ್ಟೀವರ್ಟ್ ಅವರ ತಂಡದ ಅಧ್ಯಯನವೊಂದು ಪ್ರಕಟವಾಯಿತು. ಸ್ಕಾಟ್ಲೆಂಡಿನ 7,676 ಮಾಜಿ ವೃತ್ತಿಪರ ಆಟಗಾರರ ದಾಖಲೆಗಳನ್ನು ಸಾಮಾನ್ಯ ಜನರ ದಾಖಲೆಗಳೊಂದಿಗೆ ಹೋಲಿಸಿದಾಗ, ಮಿದುಳಿನ ನರಕೋಶಗಳು ಕ್ಷಯಿಸುವ ರೋಗಗಳಿಂದ ಸಾಯುವ ಸಂಭವ ಆಟಗಾರರಲ್ಲಿ ಸುಮಾರು ಮೂರೂವರೆ ಪಟ್ಟು ಹೆಚ್ಚೆಂದು ಕಂಡುಬಂದಿತು. 2021ರಲ್ಲಿ ಇದೇ ತಂಡವು ಆಟಗಾರರ ಸ್ಥಾನಗಳನ್ನು ಪ್ರತ್ಯೇಕವಾಗಿ ಪರಿಶೀಲಿಸಿತು. ಅಪಾಯವು ರಕ್ಷಣಾ ಆಟಗಾರರಲ್ಲಿ ಅತಿ ಹೆಚ್ಚಾಗಿಯೂ ಗೋಲ್‌ಕೀಪರ್‌ಗಳಲ್ಲಿ ಸಾಮಾನ್ಯ ಜನರಿಗೆ ಸಮೀಪವಾಗಿಯೂ ಇತ್ತು. ಇಂತಹ ಅಧ್ಯಯನಗಳು ಒಟ್ಟು ಸಮುದಾಯದ ಸಂಭವನೀಯತೆಯನ್ನು ತಿಳಿಸುತ್ತವೆಯೇ ಹೊರತು ಒಬ್ಬ ವ್ಯಕ್ತಿಯ ಕಾಯಿಲೆಗೆ ಇದೇ ಕಾರಣವೆಂದು ಸಾಧಿಸುವುದಿಲ್ಲ. ಆದರೂ ಇವುಗಳ ಪರಿಣಾಮವಾಗಿ 2020ರಲ್ಲಿ ಸ್ಕಾಟ್ಲೆಂಡ್, ಇಂಗ್ಲೆಂಡ್ ಮತ್ತು ಉತ್ತರ ಐರ್ಲೆಂಡಿನ ಫುಟ್‌ಬಾಲ್ ಸಂಸ್ಥೆಗಳು ಪ್ರಾಥಮಿಕ ಶಾಲಾ ವಯಸ್ಸಿನ ಮಕ್ಕಳ ತರಬೇತಿಯಲ್ಲಿ ಚೆಂಡನ್ನು ತಲೆಯಿಂದ ಹೊಡೆಸಬಾರದೆಂದು ಮಾರ್ಗಸೂಚಿ ಹೊರಡಿಸಿದವು.

ಗೌರವಗಳು ಮತ್ತು ಸಾಧನೆಗಳು

1974ರಲ್ಲಿ ಬ್ರಿಟಿಷ್ ಸರ್ಕಾರವು ಅವರಿಗೆ ಎಂ.ಬಿ.ಇ. ಗೌರವವನ್ನು ನೀಡಿತು. ಗ್ಲಾಸ್ಗೋ ವಿಶ್ವವಿದ್ಯಾಲಯದ ಗೌರವ ಪದವಿಯೂ ಅವರಿಗೆ ಸಂದಿದೆ. 2015ರ ಡಿಸೆಂಬರ್‌ನಲ್ಲಿ ಸೆಲ್ಟಿಕ್ ಮೈದಾನದ ಎದುರಿನ ಹಾದಿಯಲ್ಲಿ ಅವರ ಕಂಚಿನ ಪ್ರತಿಮೆಯನ್ನು ಅನಾವರಣಗೊಳಿಸಲಾಯಿತು. ಲಿಸ್ಬನ್‌ನಲ್ಲಿ ಕಪ್ಪನ್ನೆತ್ತಿ ನಿಂತ ಭಂಗಿಯನ್ನೇ ಅದರಲ್ಲಿ ರೂಪಿಸಲಾಗಿದೆ. 2022ರಲ್ಲಿ ಅವರ ಹುಟ್ಟೂರಾದ ಬೆಲ್ಸ್‌ಹಿಲ್‌ನಲ್ಲಿಯೂ ಪ್ರತಿಮೆ ಸ್ಥಾಪನೆಯಾಯಿತು.

ಸೆಲ್ಟಿಕ್ ಆಟಗಾರರಾಗಿ (ಒಟ್ಟು 23)
- ಯುರೋಪಿಯನ್ ಕಪ್: 1 (1967)
- ಸ್ಕಾಟಿಷ್ ಲೀಗ್: 9 (1966ರಿಂದ 1974)
- ಸ್ಕಾಟಿಷ್ ಕಪ್: 7
- ಲೀಗ್ ಕಪ್: 6

ಸೆಲ್ಟಿಕ್ ಮ್ಯಾನೇಜರ್ ಆಗಿ (ಒಟ್ಟು 8)
- ಸ್ಕಾಟಿಷ್ ಲೀಗ್: 4 (1979, 1981, 1982, 1988)
- ಸ್ಕಾಟಿಷ್ ಕಪ್: 3 (1980, 1988, 1989)
- ಲೀಗ್ ಕಪ್: 1 (1982)