ಸ್ಫಟಿಕದ ಭೇದಗಳು ಮತ್ತು ಅದರ ಮೌಲ್ಯವಿಚಾರ

ಪ್ರಾಕೃತದ 'ಫಲಿಹ', ಸಂಸ್ಕೃತದ 'ಸ್ಫಟಿಕ', ಹಳಗನ್ನಡದ 'ಪಳಿಕು' ಒಂದೇ ವಸ್ತುವಿನ ಹೆಸರುಗಳು. ಉತ್ತರಾಧ್ಯಯನಸೂತ್ರದ 36ನೆಯ ಅಧ್ಯಯನದಲ್ಲಿಯೂ ದಿಗಂಬರ ಪರಂಪರೆಯ ಮೂಲಾಚಾರದಲ್ಲಿಯೂ ಬಾದರ ಪೃಥ್ವೀಕಾಯದ ಭೇದಗಳನ್ನು ಎಣಿಸುವಾಗ ಸ್ಫಟಿಕದೊಡನೆ ಚಂದ್ರಪ್ರಭ, ಜಲಕಾಂತ, ಸೂರ್ಯಕಾಂತ ಮುಂತಾದ ಮಣಿಗಳ ಹೆಸರುಗಳು ಬರುತ್ತವೆ. ಅಲ್ಲಿ ಹೆಸರುಗಳಿವೆಯೇ ಹೊರತು ಲಕ್ಷಣಗಳಿಲ್ಲ. ಜೀವರಕ್ಷಣೆಯ ದೃಷ್ಟಿಯಿಂದ ಹೊರಟ ಆ ಗಣನೆಗೆ ಲಕ್ಷಣ ಬೇಕಾಗಿಯೂ ಇರಲಿಲ್ಲ. ಈ ಹೆಸರುಗಳಿಗೆ ಇಂದಿನ ರತ್ನದಂಗಡಿಯ ಹೆಸರುಗಳನ್ನು ಸಮೀಕರಿಸುವ ಅಭ್ಯಾಸ ಅನುವಾದಗಳಲ್ಲಿ ಬೆಳೆದುಬಂದಿದ್ದು, ಅದು ಎಷ್ಟರಮಟ್ಟಿಗೆ ಯುಕ್ತವೆಂಬುದು ವಿಚಾರಾರ್ಹವಾಗಿದೆ.

ಲಕ್ಷಣಕ್ಕಾಗಿ ಲೌಕಿಕ ಶಾಸ್ತ್ರಗಳತ್ತ ನೋಡಬೇಕು. ಮೈಸೂರಿನ ಪ್ರಾಚ್ಯ ಗ್ರಂಥಾಲಯಕ್ಕೆ ಬಂದ ಓಲೆಯ ಪ್ರತಿಯನ್ನು ಆಧರಿಸಿ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರವು ಕೋಶಕ್ಕೆ ಸೇರಿಸಿಕೊಳ್ಳಬೇಕಾದ ರತ್ನಗಳನ್ನು ಹೇಳುವ ಪ್ರಕರಣದಲ್ಲಿ ಶುದ್ಧಸ್ಫಟಿಕ, ಮೂಲಾಟವರ್ಣ, ಶೀತವೃಷ್ಟಿ, ಸೂರ್ಯಕಾಂತ ಎಂಬ ನಾಲ್ಕನ್ನು ಒಟ್ಟಿಗೆ ಹೇಳುತ್ತದೆ. ಇವುಗಳಲ್ಲಿ ಸೂರ್ಯಕಾಂತದ ವಿಷಯದಲ್ಲಿ ಸಂದೇಹಕ್ಕೆ ಎಡೆಯಿಲ್ಲ. ಉಬ್ಬುಮೈಯಾಗಿ ತಿದ್ದಿದ ನಿರ್ಮಲ ಸ್ಫಟಿಕವು ಬಿಸಿಲನ್ನು ಒಂದು ಬಿಂದುವಿನಲ್ಲಿ ಕೂಡಿಸಿ ಹತ್ತಿಯನ್ನು ಹೊತ್ತಿಸಬಲ್ಲುದು. ಚಂದ್ರಕಾಂತದ ಸ್ಥಿತಿ ಬೇರೆ. ಇಂದು ಆ ಹೆಸರಿನಿಂದ ಮಾರಾಟವಾಗುವ ಕಲ್ಲು ಫೆಲ್ಡ್‌ಸ್ಪಾರ್ ಜಾತಿಗೆ ಸೇರಿದುದು, ಸ್ಫಟಿಕವೇ ಅಲ್ಲ. ಅರ್ಥಶಾಸ್ತ್ರದ ಶೀತವೃಷ್ಟಿಯಾದರೋ ಸ್ಫಟಿಕದ ಸಾಲಿನಲ್ಲಿಯೇ ಕುಳಿತಿದೆ. ಹಾಗೆಯೇ ಒಡಲಲ್ಲಿ ನೀರಿನ ಹನಿ ಸಿಕ್ಕಿಕೊಂಡ ಸ್ಫಟಿಕಗಳನ್ನು ಕಂಡು ಅದೇ ಜಲಕಾಂತವೆನ್ನಲು ಮನಸ್ಸಾಗುವುದು ಸಹಜವಾದರೂ ಆಗಮದ ಬರಿಯ ನಾಮನಿರ್ದೇಶ ಅದಕ್ಕೆ ಆಧಾರವಾಗಲಾರದು.

ಗರುಡಪುರಾಣವು ಕಾವೇರ, ವಿಂಧ್ಯ, ಯವನ, ಚೀನ, ನೇಪಾಳಗಳನ್ನು ಸ್ಫಟಿಕದ ಆಕರಗಳೆಂದು ಹೇಳಿ, ಆಕಾಶದಂತೆ ನಿರ್ಮಲವಾದುದನ್ನು ಹೊಗಳುತ್ತದೆ. ಶ್ರೀಮಾಲ ಕುಲದ ಜೈನ ಶ್ರಾವಕ ಠಕ್ಕುರ ಫೇರು ದಿಲ್ಲಿಯಲ್ಲಿ ಅಲಾವುದ್ದೀನ ಖಿಲಜಿಯ ಕೋಶದ ರತ್ನರಾಶಿಯನ್ನು ಕಣ್ಣಾರೆ ಕಂಡು, ಮಗ ಹೇಮಪಾಲನ ತಿಳಿವಿಗಾಗಿ 1315ರಲ್ಲಿ ಪ್ರಾಕೃತದಲ್ಲಿ 'ರಯಣಪರಿಕ್ಖಾ'ವನ್ನು ರಚಿಸಿದನು. ನಾಹಟಾ ಬಂಧುಗಳು ಬೆಳಕಿಗೆ ತಂದ ಹಸ್ತಪ್ರತಿಯಿಂದ ಆತನ ಗ್ರಂಥಗಳು 1961ರಲ್ಲಿ ಜೋಧಪುರದಿಂದ ಅಚ್ಚಾದವು. ಪೋಥಿಗಳನ್ನು ಒಟ್ಟುಗೂಡಿಸಿದ ಪಂಡಿತನ ಮಾತಿಗಿಂತ ಸರಕನ್ನು ಕೈಯಲ್ಲಿ ಹಿಡಿದವನ ಮಾತಿಗೆ ಹೆಚ್ಚಿನ ತೂಕವಿದೆ ಎಂಬುದಕ್ಕೆ ಈ ಕೃತಿ ನಿದರ್ಶನ. ವಜ್ರ, ಮುತ್ತು, ಮಾಣಿಕ್ಯ, ಮರಕತಗಳಿಗೆ ತೂಕವನ್ನನುಸರಿಸಿ ಆತನು ಬೆಲೆ ಕಟ್ಟುತ್ತಾನೆ. ಸ್ಫಟಿಕಕ್ಕೆ ಆ ಪಂಕ್ತಿಯಲ್ಲಿ ಸ್ಥಾನವಿಲ್ಲ. ನವರತ್ನಗಳಲ್ಲಿಯೂ ಅದು ಸೇರದು. ಬೆಣಚುಕಲ್ಲು ಎಲ್ಲೆಲ್ಲಿಯೂ ಸಿಕ್ಕುತ್ತದೆ. ದುರ್ಲಭವಾದುದು ಬಿರುಕಿಲ್ಲದ ದೊಡ್ಡ ಗಟ್ಟಿ ಮಾತ್ರ.

ರೋಮಿನ ಪ್ಲಿನಿಯು ಕ್ರಿ.ಶ. ಮೊದಲನೆಯ ಶತಮಾನದಲ್ಲಿಯೇ ಭಾರತದ ಸ್ಫಟಿಕವನ್ನು ಶ್ರೇಷ್ಠವೆಂದಿದ್ದಾನೆ. ಅಷ್ಟೇನೂ ಸಿರಿವಂತಳಲ್ಲದ ಗೃಹಿಣಿಯೊಬ್ಬಳು ಒಂದು ಸ್ಫಟಿಕದ ಪಾತ್ರೆಗೆ 1,50,000 ಸೆಸ್ಟರ್ಸ್ ನಾಣ್ಯ ತೆತ್ತಳೆಂದೂ ಬರೆದಿದ್ದಾನೆ. ಆತನು ಎಣಿಸುವ ದೋಷಗಳಲ್ಲಿ ಒಳಗಿನ 'ಕೂದಲು' ಒಂದು. ಶಿಲ್ಪಿಗಳು ದೋಷವಿದ್ದೆಡೆ ಚಿತ್ತಾರ ಕೆತ್ತಿ ಅದನ್ನು ಮರೆಸುತ್ತಿದ್ದರಂತೆ, ನಿರ್ದೋಷವಾದುದನ್ನು ಮಾತ್ರ ಬರಿದಾಗಿ ಬಿಡುತ್ತಿದ್ದರಂತೆ.

ಇಂದಿನ ಸಂಗ್ರಾಹಕರ ದೃಷ್ಟಿ ಇದಕ್ಕೆ ಬಹುಮಟ್ಟಿಗೆ ವಿಪರೀತ. ರೂಟೈಲ್ ಎಂಬ ಖನಿಜದ ಹೊಂಬಣ್ಣದ ಎಳೆಗಳು ತುಂಬಿದ ಸ್ಫಟಿಕಕ್ಕೆ ಆ ಎಳೆಗಳಿಂದಲೇ ಬೆಲೆ. ಬೆಳವಣಿಗೆ ನಡುವೆ ನಿಂತಾಗ ಮೈಮೇಲೆ ಕುಳಿತ ಕ್ಲೋರೈಟಿನ ಹಸಿರು ಧೂಳು, ಮುಂದೆ ಬೆಳೆದ ಪದರದೊಳಗೆ ಹಿಂದಿನ ಆಕಾರದ ನೆರಳಾಗಿ ಉಳಿದರೆ ಅದೂ ಆದರಣೀಯವೇ. ಆಲ್ಪ್ಸ್ ಪರ್ವತದ ತಿರುಚಿದ ಸ್ಫಟಿಕಗಳು, ಜಪಾನಿನ ಹೆಸರು ಹೊತ್ತ ಜೋಡಿ ಸ್ಫಟಿಕಗಳು, ನ್ಯೂಯಾರ್ಕ್ ಪ್ರಾಂತದ ಹರ್ಕಿಮರಿನ ಇಕ್ಕಡೆಯೂ ತುದಿಗೊಂಡ ಸಣ್ಣ ಹರಳುಗಳು ಇವರಿಗೆ ಬೇಕು. ಷಟ್ಕೋನದ ಸಹಜ ಮುಖಗಳು ಅಖಂಡವಾಗಿರಬೇಕು, ಮುಡಿ ಮುಕ್ಕಾಗಿರಬಾರದು, ದೊರೆತ ಗಣಿ ಯಾವುದೆಂಬ ಬರಹ ಜೊತೆಯಲ್ಲಿರಬೇಕು. ಅರೆದು ನಯಗೊಳಿಸಿದೊಡನೆ ಅವರ ಕಣ್ಣಿನಲ್ಲಿ ಬೆಲೆ ಇಳಿಯುತ್ತದೆ. ರತ್ನಶಾಸ್ತ್ರದ ದೋಷಪಟ್ಟಿಯೇ ಇಲ್ಲಿ ಗುಣಪಟ್ಟಿಯಾಗಿರುವುದು ಸೋಜಿಗ.

ವರ್ಣದ ವಿಚಾರದಲ್ಲಿ ಸಮಯಸಾರದ ದೃಷ್ಟಾಂತವು ನೆನಪಾಗುವುದು ಅನಿವಾರ್ಯ. ಶುದ್ಧ ಸ್ಫಟಿಕಮಣಿಯು ತಾನಾಗಿ ಕೆಂಪಾಗಿ ಪರಿಣಮಿಸದೆ ಪರದ್ರವ್ಯದ ನಿಮಿತ್ತದಿಂದ ಹಾಗಾಗುವುದೆಂದು ಕುಂದಕುಂದಾಚಾರ್ಯರು ಬಂಧಾಧಿಕಾರದಲ್ಲಿ ನಿರೂಪಿಸಿದ್ದಾರೆ. ನೇರಳೆ ಬಣ್ಣದ ಅಮೆಥಿಸ್ಟಿಗೆ ಒಡಲಲ್ಲಿ ಬೆರೆತ ಅತ್ಯಲ್ಪ ಕಬ್ಬಿಣವೂ ಭೂಮಿಯ ಸಹಜ ವಿಕಿರಣವೂ ಕಾರಣ. ಹೊಗೆ ಬಣ್ಣದ ಸ್ಫಟಿಕಕ್ಕೆ ಅಲ್ಯೂಮಿನಿಯಮ್ ಮತ್ತು ವಿಕಿರಣ ಕಾರಣ. ಇಲ್ಲಿ ಪರದ್ರವ್ಯವು ಹೊರಗಿನ ಹೂವಲ್ಲ, ಒಳಗೇ ಸೇರಿದೆ. ಆದರೂ ಬಣ್ಣ ಶುದ್ಧ ಸ್ಫಟಿಕದ್ದಲ್ಲವೆಂಬ ಮಾತು ನಿಲ್ಲುತ್ತದೆ. ಅಮೆಥಿಸ್ಟನ್ನು ಕಾಯಿಸಿದರೆ ನೇರಳೆ ಹೋಗಿ ಸಾಮಾನ್ಯವಾಗಿ ಹಳದಿ ಬರುತ್ತದೆ. ಪೇಟೆಯ ಸಿಟ್ರಿನ್ ಹೆಚ್ಚಿನಪಾಲು ಹೀಗೆ ಕಾಯಿಸಿದುದೇ ಆದ್ದರಿಂದ ಸಹಜವಾಗಿ ಹಳದಿಯಾದುದಕ್ಕೆ ಅಧಿಕ ಬೆಲೆ.

ಈ ವಿಚಾರ ಬಸದಿಗಳ ಬಾಗಿಲಿಗೂ ಬರುತ್ತದೆ. ವಸುನಂದಿ ಶ್ರಾವಕಾಚಾರವು ಜಿನಬಿಂಬಕ್ಕೆ ಯೋಗ್ಯವಾದ ದ್ರವ್ಯಗಳಲ್ಲಿ ಮಣಿಯನ್ನೂ ಹೇಳಿದೆ. ಮೂಡಬಿದಿರೆಯಲ್ಲಿ ಧವಲಾದಿ ಸಿದ್ಧಾಂತಗ್ರಂಥಗಳ ಓಲೆಗಳೊಡನೆ ರತ್ನಬಿಂಬಗಳೂ ದರ್ಶನಕ್ಕೆ ದೊರೆಯುತ್ತವೆ. ಇಂತಹ ಬಿಂಬದ ಮೌಲ್ಯವನ್ನು ಸಂಗ್ರಾಹಕನ ಅಳತೆಗೋಲಿನಿಂದ ಅಳೆಯುವುದು ಅವಿವೇಕ. ನಿರ್ದೋಷವಾದ ಗಟ್ಟಿ, ಶಿಲ್ಪಿಯ ಕೈ, ಪ್ರತಿಷ್ಠೆಯ ಪರಂಪರೆ ಇವೇ ಅಲ್ಲಿ ಪ್ರಮಾಣ. ಆದರೆ ಗಾಜನ್ನು ಸ್ಫಟಿಕವೆಂದು ಪಟ್ಟಿಯಲ್ಲಿ ಬರೆಯುವುದು ಯಾವ ಅಳತೆಗೂ ಸಲ್ಲದು. ಕಾಠಿಣ್ಯ 7 ಇದೆಯೇ ಎಂದು ಗೀರಿ ನೋಡುವ ಕ್ರಮವನ್ನು ಬಿಂಬದ ಮೇಲೆ ಎಂದಿಗೂ ಪ್ರಯೋಗಿಸಬಾರದು. ಭೂತಗನ್ನಡಿಯಲ್ಲಿ ದುಂಡನೆಯ ಗುಳ್ಳೆಗಳು ಕಂಡರೆ ಅದು ಗಾಜೆಂಬ ಶಂಕೆ ಬಲವಾಗುತ್ತದೆ. ಸ್ಫಟಿಕವು ಕೈಗೆ ಗಾಜಿಗಿಂತ ತಣ್ಣಗೆ ತಾಗುತ್ತದೆ. ದಪ್ಪನೆಯ ಸ್ಫಟಿಕದ ಮೂಲಕ ಒಂದು ಎಳೆಯನ್ನು ನೋಡಿದರೆ ಕೆಲವು ದಿಕ್ಕುಗಳಲ್ಲಿ ಅದು ಎರಡಾಗಿ ತೋರುವುದುಂಟು, ಗಾಜಿನಲ್ಲಿ ಹಾಗಾಗದು. ಇಪ್ಪತ್ತನೆಯ ಶತಮಾನದ ನಡುಭಾಗದಿಂದ ಕಾರ್ಖಾನೆಗಳಲ್ಲಿ ಬೆಳೆಸಿದ ಸ್ಫಟಿಕವು ಈ ಪರೀಕ್ಷೆಗಳನ್ನೆಲ್ಲ ದಾಟುತ್ತದೆ. ಆದುದರಿಂದ ಹೊಸ ಬಿಂಬಗಳ ವಿಷಯದಲ್ಲಿ ಗಟ್ಟಿ ಎಲ್ಲಿಂದ ಬಂದಿತೆಂಬುದನ್ನು ತರಿಸಿದ ವರ್ಷದಲ್ಲಿಯೇ ಬಸದಿಯ ಪುಸ್ತಕದಲ್ಲಿ ಬರೆದಿಡುವುದು ಅಗತ್ಯ.