ತಾಯಿಯ ತಪ್ಪಲ್ಲ: ಹುಟ್ಟು ನ್ಯೂನತೆಗಳ ಸಂಶೋಧನೆ ನಡೆದುಬಂದ ದಾರಿ

ಗ್ರಹಣದ ಹೊತ್ತಿನಲ್ಲಿ ಬಸುರಿ ಹೆಂಗಸು ಹೊರಗೆ ಬರಬಾರದು, ಈಳಿಗೆ ಕತ್ತರಿಗಳನ್ನು ಮುಟ್ಟಬಾರದು, ಮುಟ್ಟಿದರೆ ಮಗುವಿಗೆ ಸೀಳುತುಟಿಯಾಗುತ್ತದೆ ಎಂಬ ಮಾತನ್ನು ನೀವು ಕೇಳಿಯೇ ಇರುತ್ತೀರಿ. ಯುರೋಪಿನಲ್ಲಿ ಇದೇ ದೋಷಕ್ಕೆ ಗರ್ಭಿಣಿಯ ಎದುರು ಮೊಲ ಹಾದುಹೋದದ್ದು ಕಾರಣವೆನ್ನುತ್ತಿದ್ದರು. ನಾಡು ಬೇರೆಯಾದರೂ ನಂಬಿಕೆಯ ತಿರುಳು ಒಂದೇ: ಮಗುವಿನಲ್ಲಿ ಊನವಿದ್ದರೆ ತಾಯಿ ಏನೋ ತಪ್ಪು ಮಾಡಿದ್ದಾಳೆ. ಈ ಆರೋಪವನ್ನು ವಿಜ್ಞಾನ ಹೇಗೆ ಒರೆಗೆ ಹಚ್ಚಿತೆಂಬುದನ್ನು ನೋಡೋಣ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ವಿಜ್ಞಾನಿಗಳು ಹುಟ್ಟು ನ್ಯೂನತೆಗಳನ್ನು ಹೆಚ್ಚಾಗಿ ವಂಶದ ಲೆಕ್ಕಕ್ಕೆ ಸೇರಿಸುತ್ತಿದ್ದರು. ಗರ್ಭಕೋಶವು ಹೊರಗಿನ ಯಾವುದೂ ತಾಗದ ಭದ್ರ ಕೋಟೆಯೆಂಬುದು ಆಗಿನ ತಿಳಿವಳಿಕೆ. 1933ರಲ್ಲಿ ಅಮೆರಿಕದ ಟೆಕ್ಸಾಸಿನ ಫ್ರೆಡ್ ಹೇಲ್, ‘ಎ’ ಜೀವಸತ್ವವಿಲ್ಲದ ಆಹಾರ ತಿಂದ ಹಂದಿಗೆ ಕಣ್ಣುಗುಡ್ಡೆಗಳೇ ಇಲ್ಲದ ಮರಿಗಳು ಹುಟ್ಟಿದ್ದನ್ನು ವರದಿ ಮಾಡಿದರು. ಅದೇ ತಳಿಗೆ ಸರಿಯಾದ ಆಹಾರ ಕೊಟ್ಟಾಗ ಹುಟ್ಟಿದ ಮರಿಗಳಿಗೆ ಕಣ್ಣುಗಳಿದ್ದವು. ಹಾಗಾದರೆ ದೋಷ ವಂಶದ್ದಲ್ಲ, ಆಹಾರದ್ದು.

ಮನುಷ್ಯರ ವಿಷಯದಲ್ಲಿ ಕಣ್ತೆರೆಸಿದವರು ಆಸ್ಟ್ರೇಲಿಯದ ಸಿಡ್ನಿಯ ನೇತ್ರವೈದ್ಯ ನಾರ್ಮನ್ ಗ್ರೆಗ್. ಹುಟ್ಟುವಾಗಲೇ ಕಣ್ಣಿನ ಪೊರೆಯಿದ್ದ ಶಿಶುಗಳು ಒಮ್ಮೆಲೇ ಹೆಚ್ಚಾಗಿ ಬರತೊಡಗಿದಾಗ ಅವರು ತಾಯಂದಿರನ್ನು ವಿಚಾರಿಸಿದರು. ತಾವೂ ಇತರ ವೈದ್ಯರೂ ಕಂಡ 78 ಶಿಶುಗಳ ಪೈಕಿ 68 ಮಕ್ಕಳ ತಾಯಂದಿರಿಗೆ ಬಸುರಿನಲ್ಲಿ ರುಬೆಲ್ಲಾ ಬಂದಿತ್ತು. ತಾಯಿಗೆ ಎರಡು ಮೂರು ದಿನದ ಜ್ವರ, ಮೈಮೇಲೆ ಗುಳ್ಳೆ, ಅಷ್ಟೇ. ಮಗುವಿಗೆ ಬಾಳಿಡೀ ಕುರುಡು. 1941ರ ಈ ವರದಿಯನ್ನು ಅನೇಕರು ಮೊದಲು ನಂಬಲಿಲ್ಲ. ರುಬೆಲ್ಲಾ ವೈರಸ್ಸನ್ನು ಬೇರ್ಪಡಿಸಿದ್ದು 1962ರಲ್ಲಿ.

ಅಷ್ಟರಲ್ಲಿ ಇನ್ನೊಂದು ದುರಂತ ನಡೆದುಹೋಗಿತ್ತು. 1957ರಲ್ಲಿ ಪಶ್ಚಿಮ ಜರ್ಮನಿಯ ಮಾರುಕಟ್ಟೆಗೆ ಬಂದ ಥಾಲಿಡೊಮೈಡ್ ಎಂಬ ನಿದ್ರೆಯ ಗುಳಿಗೆಯನ್ನು ಗರ್ಭಿಣಿಯರೂ ನುಂಗಿದರು. ಕೈಕಾಲು ಮೊಟಕಾದ ಮಕ್ಕಳು ಹುಟ್ಟಿದರು. ಜರ್ಮನಿಯ ಲೆಂಜ್, ಆಸ್ಟ್ರೇಲಿಯದ ಮೆಕ್‌ಬ್ರೈಡ್ ಎಂಬ ವೈದ್ಯರು 1961ರಲ್ಲಿ ಬೇರೆಬೇರೆಯಾಗಿ ಕಾರಣವನ್ನು ಗುರುತಿಸಿದರು. ಅಮೆರಿಕದಲ್ಲಿ ಔಷಧ ಇಲಾಖೆಯ ಫ್ರಾನ್ಸಿಸ್ ಕೆಲ್ಸಿ ಸಾಕಷ್ಟು ಪುರಾವೆಯಿಲ್ಲವೆಂದು ಅನುಮತಿಯನ್ನೇ ಕೊಟ್ಟಿರಲಿಲ್ಲ.

ಇವುಗಳಿಂದ ಹೊರಟ ತತ್ವಗಳು ಸರಳ. ಮೊದಲನೆಯದು ಕಾಲ: ಗರ್ಭ ನಿಂತ ಸುಮಾರು 20ರಿಂದ 36 ದಿನಗಳ ನಡುವೆ ಥಾಲಿಡೊಮೈಡ್ ತಗುಲಿದರೆ ಅಪಾಯ, ಏಕೆಂದರೆ ಅಂಗಗಳು ರೂಪುಗೊಳ್ಳುವುದು ಆಗಲೇ. ಎರಡನೆಯದು ಪ್ರಮಾಣ. ಮೂರನೆಯದು ಜೀವಿಯ ಸ್ವಭಾವ: ಇಲಿಗಳಲ್ಲಿ ಇಂಥ ಊನವನ್ನು ತೋರದ ಔಷಧವೇ ಮನುಷ್ಯರ ಮಕ್ಕಳನ್ನು ಊನಗೊಳಿಸಿತು.

ಕಾರಣ ತಿಳಿದರೆ ತಡೆಯುವ ದಾರಿಯೂ ತೆರೆಯುತ್ತದೆ. ಹಿಂದೆ ಇಂಥ ಮಗುವನ್ನು ಹೆತ್ತ ತಾಯಂದಿರಿಗೆ ಗರ್ಭಧಾರಣೆಗೆ ಮೊದಲಿನಿಂದಲೇ ಫೋಲಿಕ್ ಆಮ್ಲ ಕೊಟ್ಟರೆ, ಬೆನ್ನುಹುರಿ ಮತ್ತು ಮೆದುಳಿನ ದೋಷ ಮರುಕಳಿಸುವುದು ಶೇಕಡಾ 72ರಷ್ಟು ತಗ್ಗುತ್ತದೆಂದು 1991ರಲ್ಲಿ ಬ್ರಿಟನ್ನಿನ ನೇತೃತ್ವದ ಅಧ್ಯಯನ ತೋರಿಸಿತು. ದಡಾರ–ರುಬೆಲ್ಲಾ ಲಸಿಕೆಯ ಅಭಿಯಾನ 2017ರಲ್ಲಿ ಭಾರತದಲ್ಲಿ ಮೊದಲು ಆರಂಭವಾದ ರಾಜ್ಯಗಳಲ್ಲಿ ನಮ್ಮ ಕರ್ನಾಟಕವೂ ಒಂದು.

ಎಷ್ಟೋ ನ್ಯೂನತೆಗಳಿಗೆ ಇಂದಿಗೂ ಕಾರಣ ತಿಳಿದಿಲ್ಲ. ತಿಳಿಯದ ಕಡೆ ತಾಯಿಯ ಮೇಲೆ ಬೆರಳು ತೋರಿಸುವುದು ಹಳೆಯ ಚಾಳಿ. ನಿಮ್ಮ ಮನೆಯಲ್ಲಿ ಮದುವೆಯಾದ ಮಗಳೋ ಸೊಸೆಯೋ ಇದ್ದರೆ, ಗ್ರಹಣದ ದಿನ ಲೆಕ್ಕ ಹಾಕುವ ಬದಲು, ಬಸುರಿಗೆ ಮೊದಲೇ ವೈದ್ಯರನ್ನು ಕಂಡು ಫೋಲಿಕ್ ಆಮ್ಲದ ಗುಳಿಗೆ ಮತ್ತು ಲಸಿಕೆಯ ಬಗ್ಗೆ ಕೇಳಿ ತಿಳಿಯಿರಿ.