ಬಕೆಟ್ಟಿನಲ್ಲಿ ಮುಳುಗಿಸಿಟ್ಟ ಮೊಟ್ಟೆ

ನಮ್ಮ ಬೀದಿಯ ಅಂಗಡಿಯಲ್ಲಿ ಮೊಟ್ಟೆ ಟ್ರೇಗಳು ಹೊರಗೇ ಆರಾಮಾಗಿ ಕೂತಿರುತ್ತವೆ. ಅಲ್ಲಿಂದ ಒಂದು ಡಜನ್ ತಂದು ನಾನು ಮಾತ್ರ ಭಾರೀ ಜಾಗ್ರತೆಯಿಂದ ಫ್ರಿಜ್ಜಲ್ಲಿ ಜೋಡಿಸ್ತೀನಿ. ಫ್ರಿಜ್ ಇಲ್ಲದಿದ್ದಾಗ ಜನ ಏನು ಮಾಡ್ತಿದ್ರು ಅಂತ ಹುಡುಕುತ್ತಾ ಹೋದವನು ಬಂದು ನಿಂತಿದ್ದು ಎರಡನೇ ಮಹಾಯುದ್ಧದ ಕಾಲದ ಬ್ರಿಟನ್ನಿನಲ್ಲಿ, ಒಂದು ಬಕೆಟ್ಟಿನ ಮುಂದೆ.

ಆಗ ಮಾವಿಗಿದ್ದ ಹಾಗೆ ಮೊಟ್ಟೆಗೂ ಸೀಸನ್ ಇತ್ತು. ಕೋಳಿ ಚೆನ್ನಾಗಿ ಮೊಟ್ಟೆ ಇಡಬೇಕಾದರೆ ದಿನಕ್ಕೆ ಸುಮಾರು 14 ಗಂಟೆ ಬೆಳಕು ಬೇಕು. ಲಂಡನ್ನಿನಲ್ಲಿ ಡಿಸೆಂಬರ್ ಕೊನೆಯ ಹಗಲು 8 ಗಂಟೆಯೂ ಇರುವುದಿಲ್ಲ. ಹಾಗಾಗಿ ವಸಂತದಲ್ಲಿ ಬುಟ್ಟಿ ತುಂಬ, ಚಳಿಗಾಲದಲ್ಲಿ ಬುಟ್ಟಿ ಖಾಲಿ.

1941ರಲ್ಲಿ ಮೊಟ್ಟೆಗೂ ರೇಷನ್ ಬಂತು. ಒಬ್ಬರಿಗೆ ವಾರಕ್ಕೆ ಒಂದು, ಅದೂ ಸಿಕ್ಕರೆ. ಹಿತ್ತಲಲ್ಲಿ ಕೋಳಿ ಸಾಕುವವರು ತಮ್ಮ ಪಾಲಿನ ಮೊಟ್ಟೆ ಬಿಟ್ಟುಕೊಟ್ಟು, ಬದಲಿಗೆ ಕೋಳಿ ಆಹಾರ ಪಡೆಯಬಹುದಿತ್ತು. ಲೆಕ್ಕ ಹಾಕಿ ನೋಡಿ, ಇದೊಂದು ಜೂಜು. ಚಳಿಗಾಲದಲ್ಲಿ ಕೋಳಿ ಮೊಟ್ಟೆ ನಿಲ್ಲಿಸಿದರೆ ಹಿತ್ತಲಿನದೂ ಇಲ್ಲ, ರೇಷನ್ನಿನದೂ ಇಲ್ಲ. ಬಕೆಟ್ಟು ಬರೋದು ಇಲ್ಲೇ.

ಕುದಿಸಿ ಆರಿಸಿದ ನೀರಿಗೆ ವಾಟರ್‌ಗ್ಲಾಸ್, ಅಂದರೆ ಸೋಡಿಯಂ ಸಿಲಿಕೇಟ್, ಬೆರೆಸುತ್ತಿದ್ದರು. ಅದರಲ್ಲಿ ಮೊಟ್ಟೆ ಪೂರ್ತಿ ಮುಳುಗಿಸಿ, ಮುಚ್ಚಿ, ತಣ್ಣನೆಯ ಮೂಲೆಯಲ್ಲಿಡುತ್ತಿದ್ದರು. ಮೊಟ್ಟೆ ಚಿಪ್ಪಿನಲ್ಲಿ ಸಾವಿರಾರು ಸಣ್ಣ ರಂಧ್ರಗಳಿವೆ. ಒಳಗಿನ ತೇವ ಹೊರಹೋಗುವುದೂ, ಬ್ಯಾಕ್ಟೀರಿಯಾ ಒಳನುಗ್ಗುವುದೂ ಅಲ್ಲಿಂದಲೇ. ಸಿಲಿಕೇಟ್ ಆ ಬಾಗಿಲುಗಳನ್ನು ಮುಚ್ಚುತ್ತದೆ. ಇದಕ್ಕೂ ಹಿಂದಿನಿಂದ ಇದೇ ಕೆಲಸಕ್ಕೆ ಬಳಕೆಯಲ್ಲಿದ್ದದ್ದು ಸುಣ್ಣದ ತಿಳಿ. ಮೊಟ್ಟೆ ಹೊಸದಾಗಿರಬೇಕು, ಬಿರುಕಿರಬಾರದು, ಮುಖ್ಯವಾಗಿ ತೊಳೆದಿರಬಾರದು. ತೊಳೆದರೆ ಚಿಪ್ಪಿನ ಮೇಲೆ ಕೋಳಿಯೇ ಕೊಟ್ಟ ತೆಳು ಪದರ ಹೋಗಿಬಿಡುತ್ತದೆ. (ಅಂಗಡಿ ಮೊಟ್ಟೆ ತಂದು ಮನೇಲಿ ಪ್ರಯೋಗ ಮಾಡೋಕೆ ಹೋಗಬೇಡಿ.)

ಹೀಗಿಟ್ಟ ಮೊಟ್ಟೆ ಆರು ತಿಂಗಳಿಗೂ ಮೀರಿ ಬಾಳುತ್ತಿತ್ತು. ಬಿಳಿ ಭಾಗ ನೀರಾಗುತ್ತಿತ್ತು, ಆದರೂ ಕೇಕಿಗೆ ಸಾಕು. ಬೇಯಿಸುವುದಾದರೆ ಮೊದಲು ಸೂಜಿಯಿಂದ ಚುಚ್ಚಬೇಕು. ಇಲ್ಲದಿದ್ದರೆ ಒಳಗಿನ ಗಾಳಿಗೆ ದಾರಿಯಿಲ್ಲದೆ ಚಿಪ್ಪು ಒಡೆದುಹೋಗುತ್ತದೆ.

ಈಗ ಕೋಳಿ ಶೆಡ್ಡುಗಳಲ್ಲಿ ಬಲ್ಬು ಉರಿಸಿ ಆ ಸೀಸನ್ನನ್ನೇ ಅಳಿಸಿಬಿಟ್ಟಿದ್ದೇವೆ. ನಾನಂತೂ ರಾತ್ರಿ ಹನ್ನೊಂದಕ್ಕೆ ಯೋಚನೆಯೇ ಇಲ್ಲದೆ ಎರಡು ಮೊಟ್ಟೆ ಒಡೆದು ಆಮ್ಲೆಟ್ ಹಾಕ್ಕೋತೀನಿ. ಆ ಮನೆಗಳಲ್ಲಿ ಜನವರಿಯ ಒಂದು ಮೊಟ್ಟೆಗೆ ಯಾರೋ ಏಪ್ರಿಲ್‌ನಲ್ಲೇ ಯೋಚನೆ ಮಾಡಿರಬೇಕಿತ್ತು.